‘ಕಾಸ್ಟ್’ ಪರದೇಶಿ ಶಬ್ದ, ಖರೆ. ನಮ್ಮ ಕೇರಿ ಎಲ್ಲಿಂದ ಬಂತು?

ನಮ್ಮ ಭಾಗದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ ಮೀಸಲಾತಿ. ಒಬ್ಬ ಭಾಷಣಕಾರ ಎದ್ದು ನಿಂತು ಹೇಳಿದ: ‘ಕಾಸ್ಟ್ ಅನ್ನೋ ಶಬ್ದನ ನಮ್ಮದಲ್ಲ. ಅದು ಪೋರ್ಚುಗೀಸರ ಶಬ್ದ. ನಮ್ಮ ಯಾವ ಗ್ರಂಥದಾಗೂ ಆ ಶಬ್ದ ಇಲ್ಲ. ಪರದೇಶದವರು ಬಂದು ನಮ್ಮ ಮ್ಯಾಲೆ ಹೊರಿಸಿ ಹೋದ ರೋಗ ಇದು. ಅವರು ಹೋಗಿ ಎಷ್ಟೋ ವರ್ಷ ಆತು, ನೀವು ಇನ್ನೂ ಯಾಕ ಅದನ್ನ ಹಿಡಕೊಂಡು ಕುಂತೀರಿ?’ ಚಪ್ಪಾಳೆ ಬಿತ್ತು. ನಮ್ಮ ಹಾಸ್ಟೆಲಿನ ಹುಡುಗರು ನಾಲ್ಕು ಮಂದಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಸಿಟ್ಟು ಬಂತು, ಉತ್ತರ ಬರಲಿಲ್ಲ. ರಾತ್ರಿ ಊಟಕ್ಕೆ ಕುಂತಾಗ ಅವರಲ್ಲೊಬ್ಬ ಕೇಳಿದ: ‘ಅಣ್ಣಾ, ಅಂವ ಹೇಳಿದ್ದು ಖರೇನ?’

ಆ ತಮ್ಮನ ಪ್ರಶ್ನೆಗೆ ಉತ್ತರವಾಗಿ ಈ ಬರಹ. ಆ ಭಾಷಣಕಾರ ಹೇಳಿದ್ದರಲ್ಲಿ ಅರ್ಧ ಖರೆ, ಅರ್ಧ ಸುಳ್ಳು. ಅರ್ಧ ಖರೆ ಇರುವ ಸುಳ್ಳು ಪೂರ್ತಿ ಸುಳ್ಳಿಗಿಂತ ಅಪಾಯ. ಪೂರ್ತಿ ಸುಳ್ಳನ್ನು ಯಾರಾದರೂ ಹಿಡಿಯುತ್ತಾರೆ. ಅರ್ಧ ಖರೆಯನ್ನು ಹಿಡಿಯಬೇಕಾದರೆ ಓದಬೇಕಾಗುತ್ತದೆ. ಅದಕ್ಕೇ ನಾವು ಸ್ವಲ್ಪ ಓದಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಖರೆ ಇದ್ದದ್ದನ್ನು ಒಪ್ಪೋಣ. ‘ಕಾಸ್ಟ್’ ಅನ್ನುವ ಇಂಗ್ಲಿಷ್ ಶಬ್ದ ಪೋರ್ಚುಗೀಸರ ‘ಕಾಸ್ತಾ’ದಿಂದ ಬಂದದ್ದು. ಅದು ಅವರ ಭಾಷೆಯಲ್ಲಿ ದೊಡ್ಡ ಪಂಡಿತರ ಶಬ್ದವಲ್ಲ. ದಿನನಿತ್ಯದ ಶಬ್ದ. ತಳಿ, ನಮೂನಿ, ಸಂತಾನ ಅಂತ ಅದರ ಅರ್ಥ. ಇವತ್ತಿಗೂ ಪೋರ್ಚುಗಲ್ ದೇಶದಲ್ಲಿ ದ್ರಾಕ್ಷಿ ಬೆಳೆಯುವ ರೈತ ತನ್ನ ದ್ರಾಕ್ಷಿಯ ತಳಿಗೆ ‘ಕಾಸ್ತಾ’ ಅಂತಾನೆ. ವೈನಿನ ಬಾಟಲಿಯ ಚೀಟಿಯ ಮೇಲೆ ಯಾವ ‘ಕಾಸ್ತಾ’ದ ದ್ರಾಕ್ಷಿ ಅಂತ ಅಚ್ಚು ಮಾಡಿರುತ್ತಾರೆ. ನಮ್ಮ ಅಥಣಿ ಕಡೆ ದ್ರಾಕ್ಷಿ ತೋಟದವರು ಯಾವ ತಳಿ ಹಚ್ಚೀರಿ ಅಂತ ಕೇಳಿದ ಹಾಗೆ.

ಈ ಶಬ್ದದ ಮೂಲ ಯಾವುದು? ಪಂಡಿತರಲ್ಲಿ ಎರಡು ಮಾತಿವೆ. ಹಳೆಯ ನಿಘಂಟುಗಳು ಅದನ್ನು ಲ್ಯಾಟಿನ್ ಭಾಷೆಯ ‘ಕಾಸ್ತುಸ್’ಗೆ ಜೋಡಿಸುತ್ತವೆ. ಅದರ ಅರ್ಥ ಶುದ್ಧ, ಮಡಿ. ಇನ್ನು ಕೆಲವರು ಯುರೋಪಿನ ಹಳೆಯ ಗಾಥಿಕ್ ಭಾಷೆಗೆ ಹೋಗುತ್ತಾರೆ. ಅಲ್ಲಿ ಅದು ಒಂದೇ ಸಲ ಹುಟ್ಟಿದ ಪ್ರಾಣಿಯ ಮರಿಗಳ ಗುಂಪಿಗೆ ಹೇಳುವ ಮಾತು ಅಂತ ಅವರ ವಾದ. ಒಂದು ಮಾತಿನಲ್ಲಿ ಮಡಿ ಇದೆ, ಇನ್ನೊಂದರಲ್ಲಿ ದನದ ಕೊಟ್ಟಿಗೆ ಇದೆ. ಯಾವುದು ಸರಿ ಎಂಬ ಜಗಳ ಅವರಿಗಿರಲಿ. ನಾವು ಮಾತ್ರ ಎರಡನ್ನೂ ಬಲ್ಲೆವು. ಗುಡಿಯ ಹೊಸ್ತಿಲಲ್ಲಿ ಮಡಿಯನ್ನು ನೋಡಿದ್ದೇವೆ. ದನಕ್ಕಿಂತ ಕಡೆಯಾಗಿ ಕಂಡದ್ದನ್ನೂ ನೋಡಿದ್ದೇವೆ.

ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡರು. ಆಮೇಲೆ ಗೋವೆಗೆ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ ಬಂದ. ಅವನು ಈ ನಾಡಿನ ಗಿಡಮೂಲಿಕೆಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಅದು 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಆ ಪುಸ್ತಕದಲ್ಲಿ ಅವನು ಇಲ್ಲಿನ ಜನರ ಬಗ್ಗೆಯೂ ಒಂದು ಮಾತು ಹೇಳುತ್ತಾನೆ: ಇಲ್ಲಿ ಮಗ ಅಪ್ಪನ ಕಸುಬು ಬಿಡುವುದಿಲ್ಲ, ಒಂದು ಕಸುಬಿನವರೆಲ್ಲ ಒಂದೇ ‘ಕಾಸ್ತಾ’. ಇದಕ್ಕೆ ಅವನು ಕೊಟ್ಟ ಉದಾಹರಣೆ ಯಾರದು ಗೊತ್ತೇನು? ಚಪ್ಪಲಿ ಹೊಲಿಯುವವರದು. ನಮ್ಮ ಸಮಗಾರರ ಕಸುಬಿನದು.

ಗೆಳೆಯರೆ, ಇದನ್ನು ನೆನಪಿನಲ್ಲಿ ಇಡ್ರಿ. ಗೋವೆಯಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಪರದೇಶದವನೊಬ್ಬ ‘ಕಾಸ್ತಾ’ ಅಂದರೇನು ಅಂತ ತಿಳಿಸಲು ಹೋದಾಗ ಅವನ ಕಣ್ಣಿಗೆ ಬಿದ್ದದ್ದು ಸಮಗಾರನ ಉಳಿ ಮತ್ತು ಅಡಿಗಲ್ಲು. ಆ ಉಳಿಯನ್ನು ಅವನು ಲಿಸ್ಬನ್ನಿನಿಂದ ಹಡಗಿನಲ್ಲಿ ತಂದಿರಲಿಲ್ಲ. ಅಪ್ಪನ ಕಸುಬು ಮಗ ಬಿಡಬಾರದು ಎಂಬ ಕಟ್ಟಳೆಯನ್ನೂ ತಂದಿರಲಿಲ್ಲ. ಇಲ್ಲಿ ಇದ್ದದ್ದನ್ನು ಕಂಡ, ತನ್ನ ಭಾಷೆಯಲ್ಲಿ ಹತ್ತಿರದ ಶಬ್ದ ಯಾವುದು ಅಂತ ಹುಡುಕಿದ, ‘ಕಾಸ್ತಾ’ ಅಂತ ಬರೆದ. ಮುಂದೆ ಆ ಶಬ್ದ ಫ್ರೆಂಚರಿಗೆ ಹೋಯಿತು, ಇಂಗ್ಲಿಷರಿಗೆ ಹೋಯಿತು, ‘ಕಾಸ್ಟ್’ ಆಯಿತು.

ಇನ್ನು ಸುಳ್ಳಿನ ಅರ್ಧಕ್ಕೆ ಬರೋಣ. ಶಬ್ದ ಹೊರಗಿನದು ಅಂದ ಮಾತ್ರಕ್ಕೆ ವಸ್ತು ಹೊರಗಿನದಾಗುವುದಿಲ್ಲ. ‘ಮಲೇರಿಯಾ’ ಇಟಲಿಯ ಶಬ್ದ. ಹಾಗಂತ ನಮ್ಮ ಮುತ್ಯಾನ ಕಾಲದಲ್ಲಿ ಚಳಿಜ್ವರ ಬರುತ್ತಿರಲಿಲ್ಲವೇನು? ಹೆಸರು ಯಾರು ಇಟ್ಟರೂ ನಡುಗಿದವನು ನಮ್ಮ ಮುತ್ಯಾನೇ.

ಪೋರ್ಚುಗೀಸರು ಬರುವುದಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ, ಐದನೇ ಶತಮಾನದ ಆರಂಭದಲ್ಲಿ, ಚೀನದಿಂದ ಫಾಹಿಯಾನ್ ಎಂಬ ಬೌದ್ಧ ಭಿಕ್ಷು ಬಂದಿದ್ದ. ಚಾಂಡಾಲರು ಊರ ಹೊರಗೆ ಇರುತ್ತಾರೆ, ಪೇಟೆಗೆ ಬರುವಾಗ ಕಟ್ಟಿಗೆಯ ತುಂಡು ಬಡಿದು ಸಪ್ಪಳ ಮಾಡುತ್ತಾರೆ, ಆ ಸಪ್ಪಳ ಕೇಳಿ ಬಾಕಿ ಮಂದಿ ದೂರ ಸರಿಯುತ್ತಾರೆ ಅಂತ ಅವನು ಬರೆದಿಟ್ಟ. ಆಗ ಇಲ್ಲಿ ‘ಕಾಸ್ತಾ’ ಎಂಬ ಶಬ್ದ ಇರಲಿಲ್ಲ. ಕಟ್ಟಿಗೆಯ ಸಪ್ಪಳ ಇತ್ತು.

ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಬರ್ರಿ. ಹರಳಯ್ಯ ಸಮಗಾರ. ಅವನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಶರಣರು ಲಗ್ನ ಮಾಡಿದರು ಅಂತ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದಕ್ಕೆ ಸಿಕ್ಕ ಉಡುಗೊರೆ ಎಳೆಹೂಟೆ. ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಆ ಶಿಕ್ಷೆ ಕೊಟ್ಟವರು ಯಾವ ಪೋರ್ಚುಗೀಸ್ ನಿಘಂಟು ಓದಿದ್ದರು? ಹದಿನಾಲ್ಕನೇ ಶತಮಾನದ ಚೋಖಾಮೇಳಾ ಮಹಾರ. ನಮ್ಮ ಅಥಣಿಯಿಂದ ಬಹಳ ದೂರವೇನಲ್ಲದ ಮಂಗಳವೇಢೆಯವನು. ಪಂಢರಪುರದ ವಿಠ್ಠಲನನ್ನು ಹಾಡಿ ಹಾಡಿ ಸತ್ತರೂ ಅವನಿಗೆ ಸಿಕ್ಕದ್ದು ಬಾಗಿಲ ಹೊರಗಿನ ಜಾಗ. ಅವನ ಸಮಾಧಿ ಇವತ್ತಿಗೂ ಆ ಗುಡಿಯ ಮಹಾದ್ವಾರದ ಎದುರು ಹೊರಗೇ ಇದೆ. ವಾಸ್ಕೋ ಡ ಗಾಮ ಆಗ ಹುಟ್ಟಿರಲೂ ಇಲ್ಲ.

ಮತ್ತೆ ನಮ್ಮ ಸ್ವಂತ ಶಬ್ದ ಏನು ಹೇಳುತ್ತದೆ? ‘ಜಾತಿ’ ಅಂದರೆ ಹುಟ್ಟು. ಚಿಕ್ಕೋಡಿಯ ದನದ ಪೇಟೆಯಲ್ಲಿ ‘ಇದು ಜಾತಿ ಎಮ್ಮಿ’ ಅಂತಾರೆ. ‘ಯಾವ ಜಾತಿ ಮಾವಿನಹಣ್ಣು’ ಅಂತ ಕೇಳುತ್ತಾರೆ. ಅಂದರೆ ಎಮ್ಮೆಗೂ ಮಾವಿಗೂ ಮನುಷ್ಯನಿಗೂ ಒಂದೇ ಶಬ್ದ. ಪೋರ್ಚುಗೀಸನೂ ದ್ರಾಕ್ಷಿಗೂ ಮನುಷ್ಯನಿಗೂ ಒಂದೇ ಶಬ್ದ ಬಳಸಿದ. ಅವನು ತಪ್ಪು ಅನುವಾದ ಮಾಡಲಿಲ್ಲ. ಇಲ್ಲಿಯ ಮೇಲಿನವರು ನಮ್ಮನ್ನು ಹೇಗೆ ಕಂಡಿದ್ದರೋ ಹಾಗೇ ತನ್ನ ಭಾಷೆಗೆ ಇಳಿಸಿಕೊಂಡ. ಅಷ್ಟೆ.

ಹಾಗಂತ ನಾವು ಪೋರ್ಚುಗೀಸರ ವಕೀಲಿ ಮಾಡುತ್ತಿಲ್ಲ. ಅವರೇನು ಸಂತರಲ್ಲ. ಮನುಷ್ಯರನ್ನು ಹಡಗಿನಲ್ಲಿ ತುಂಬಿ ಗುಲಾಮರಾಗಿ ಮಾರಿದವರು. ‘ಶುದ್ಧ ರಕ್ತ’ದ ರೋಗ ಅವರ ದೇಶದಲ್ಲೂ ಇತ್ತು. ಮೇಲೆ ಹೇಳಿದ ವೈದ್ಯ ಗಾರ್ಸಿಯಾ ದ ಓರ್ತಾ ಯಹೂದಿ ಮೂಲದವನು. ಅವನು 1568ರಲ್ಲಿ ಸತ್ತ. 1580ರಲ್ಲಿ ಗೋವೆಯ ಧರ್ಮವಿಚಾರಣೆಯ ನ್ಯಾಯಮಂಡಳಿ ಅವನ ಎಲುಬುಗಳನ್ನು ಸಮಾಧಿಯಿಂದ ಅಗೆದು ತೆಗೆಸಿ ಸುಡಿಸಿತು. ನಮ್ಮ ಸಮಗಾರರನ್ನು ತೋರಿಸಿ ‘ಕಾಸ್ತಾ’ ಅಂತ ಬರೆದವನನ್ನು ಅವನದೇ ಹುಟ್ಟು ಸತ್ತ ಮೇಲೂ ಬಿಡಲಿಲ್ಲ. ಮೆಕ್ಸಿಕೋದಲ್ಲಿ ಸ್ಪೇನಿನವರು ಇದೇ ಶಬ್ದ ಬಳಸಿ, ಯಾವ ಬಣ್ಣದ ಅಪ್ಪ ಯಾವ ಬಣ್ಣದ ಅವ್ವ ಕೂಡಿದರೆ ಎಂಥ ಕೂಸು ಅಂತ ಚಿತ್ರ ಬರೆಸಿ ಸಾಲಾಗಿ ತೂಗುಹಾಕಿದರು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಬುದ್ಧಿ ಎಲ್ಲಿ ಹೋದರೂ ಹೊಲಸೇ. ಗೋವೆಯಲ್ಲಿ ಕ್ರೈಸ್ತರಾದ ಮೇಲೂ ‘ಬಾಮ್ಮಣ’, ‘ಚಾರ್ಡೊ’, ‘ಸುದಿರ್’ ಎಂಬ ಭೇದ ಇಗರ್ಜಿಯ ಒಳಗೂ ಹೋಗಿ ಕುಂತಿತು. ಪಾದ್ರಿ ನೀರು ಚಿಮುಕಿಸಿದರೂ ಜಾತಿ ತೊಳೆದು ಹೋಗಲಿಲ್ಲ.

ಇಂಗ್ಲಿಷರೂ ಕೈ ತೊಳೆದುಕೊಳ್ಳುವ ಹಾಗಿಲ್ಲ. ಜನಗಣತಿಯ ರಿಜಿಸ್ಟರಿನಲ್ಲಿ ಅವರು ಜಾತಿಗಳನ್ನು ಮೇಲೆ ಕೆಳಗೆ ಜೋಡಿಸಿದರು. ಮುಂಬಯಿ ಪ್ರಾಂತದಲ್ಲಿ 1874ರ ವತನ ಕಾಯ್ದೆ ಮಾಡಿ ಊರಿನ ವಂಶಪರಂಪರೆಯ ಚಾಕರಿಗೆ ಸರಕಾರಿ ಶಿಕ್ಕಾ ಒತ್ತಿದರು. ನಮ್ಮ ಬೆಳಗಾವಿ ಜಿಲ್ಲೆ 1956ರವರೆಗೆ ಆ ಪ್ರಾಂತದಲ್ಲೇ ಇತ್ತು. ಇದ್ದ ಗೋಡೆಗೆ ಅವರು ಗಾರೆ ಮೆತ್ತಿದರು. ಆದರೆ ಗೋಡೆ ಕಟ್ಟಿದವರು ಊರವರೇ.

ಈಗ ಬಾಬಾಸಾಹೇಬರ ಮಾತಿಗೆ ಬರೋಣ. 1916ರ ಮೇ 9ರಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ನಮ್ಮ ಹಾಸ್ಟೆಲಿನಲ್ಲಿ ಎಂ.ಎ. ಓದುವ ಅಣ್ಣಂದಿರ ವಯಸ್ಸು. ಜಾತಿಯ ಬೇರು ಯಾವುದು ಅಂತ ಅವರು ಕೇಳಿಕೊಂಡರು. ಬಣ್ಣವಲ್ಲ, ಕಸುಬೂ ಅಲ್ಲ, ಒಳಮದುವೆ ಅಂದರು. ತಮ್ಮ ತಮ್ಮೊಳಗೇ ಹೆಣ್ಣು ಕೊಟ್ಟು ತಂದು ಬಾಗಿಲು ಮುಚ್ಚಿಕೊಂಡ ಗುಂಪೇ ಜಾತಿ. ಆಮೇಲೆ 1936ರ ‘ಜಾತಿ ವಿನಾಶ’ದಲ್ಲಿ, ಜಾತಿ ಎಂದರೆ ಜನಾಂಗದ ಬೇರೆ ಬೇರೆ ರಕ್ತ ಎಂಬ ವಾದವನ್ನು ಮುರಿದು ಹಾಕಿದರು. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮಾರನೂ ಒಂದೇ ಮೂಲದವರು ಅಂತ ತೋರಿಸಿದರು.

ಇದರ ಅರ್ಥ ಏನು? ‘ಕಾಸ್ತಾ’ ಅನ್ನುವ ಶಬ್ದ ಹೇಳುವುದು ತಳಿ ಅಂತ. ಬಾಬಾಸಾಹೇಬರು ತೋರಿಸಿದ್ದು ಅದು ತಳಿಯಲ್ಲ, ಬೇಲಿ ಅಂತ. ದ್ರಾಕ್ಷಿಯಲ್ಲಿ ತಳಿ ಇದೆ. ಎಮ್ಮೆಯಲ್ಲಿ ತಳಿ ಇದೆ. ಮನುಷ್ಯರಲ್ಲಿ ಇರುವುದು ಬೇಲಿ. ತಳಿಯನ್ನು ಬದಲು ಮಾಡಲಿಕ್ಕೆ ಬರುವುದಿಲ್ಲ. ಬೇಲಿಯನ್ನು ಕಿತ್ತು ಒಗೆಯಬಹುದು. ಆ ಶಬ್ದದೊಳಗಿನ ಸುಳ್ಳು ಇದು. ಚರ್ಚಾಸ್ಪರ್ಧೆಯ ಭಾಷಣಕಾರ ಆ ಸುಳ್ಳನ್ನು ಹಿಡಿಯಬೇಕಿತ್ತು. ಅವನು ಅದನ್ನು ಬಿಟ್ಟು ಶಬ್ದದ ಪಾಸ್‌ಪೋರ್ಟು ಕೇಳುತ್ತ ಕುಂತ.

‘ಹಂಗಾದರ ನೀವು ಕಾಸ್ಟ್ ಸರ್ಟಿಫಿಕೇಟ್ ಯಾಕ ತಗೋತೀರಿ?’ ಇದು ಎರಡನೇ ಪ್ರಶ್ನೆ. ಇದನ್ನೂ ನಮ್ಮ ಹುಡುಗರು ದಿನಾ ಕೇಳುತ್ತಾರೆ. ಕೇಳಿ ತಲೆ ತಗ್ಗಿಸುತ್ತಾರೆ. ತಗ್ಗಿಸಬೇಡ್ರಿ.

ಮೊದಲು ಸರಕಾರಿ ಕಾಗದದಲ್ಲಿ ನಮ್ಮನ್ನು ‘ದಮನಿತ ವರ್ಗ’ ಅನ್ನುತ್ತಿದ್ದರು. 1935ರ ಕಾಯ್ದೆಯಲ್ಲಿ ‘ಶೆಡ್ಯೂಲ್ಡ್ ಕಾಸ್ಟ್’ ಎಂಬ ಮಾತು ಬಂತು. 1936ರಲ್ಲಿ ಪಟ್ಟಿ ಆಯಿತು. ಸಂವಿಧಾನ ಬಂದ ಮೇಲೆ 1950ರಲ್ಲಿ ರಾಷ್ಟ್ರಪತಿಗಳ ಆದೇಶದ ಪಟ್ಟಿ ಬಂತು. ಹೀಗೆ ಗೋವೆಯ ದಂಡೆಯಲ್ಲಿ ಇಳಿದ ಶಬ್ದ ತಹಸೀಲ್ದಾರ ಕಚೇರಿಯ ಫಾರ್ಮಿನ ಒಳಗೆ ಬಂದು ಕುಂತಿತು. ಕರ್ನಾಟಕದ ಪಟ್ಟಿಯಲ್ಲಿ 101 ಜಾತಿಗಳಿವೆ. ಅದರಲ್ಲಿ ಒಂದು ನಮೂದನ್ನು ತೆಗೆದು ಓದ್ರಿ. ಚಮ್ಮಾರ, ಚಾಂಭಾರ, ಹರಳಯ್ಯ, ಮೋಚಿಗಾರ, ರೋಹಿದಾಸ, ಸಮಗಾರ ಹೀಗೆ ಒಂದೇ ಸಾಲಿನಲ್ಲಿ ಎಷ್ಟೋ ಹೆಸರು. ಕಲ್ಯಾಣದಲ್ಲಿ ಆನೆಯ ಕಾಲಿಗೆ ಕಟ್ಟಿಸಿಕೊಂಡ ಹರಳಯ್ಯ ಸರಕಾರಿ ಪಟ್ಟಿಯಲ್ಲಿ ಒಂದು ಜಾತಿಯ ಹೆಸರಾಗಿ ನಿಂತಿದ್ದಾನೆ. ಜಾತಿ ಮುರಿಯಲು ಹೋಗಿ ಜೀವ ಕೊಟ್ಟವನ ಹೆಸರನ್ನೂ ಜಾತಿ ಮಾಡಿಬಿಟ್ಟ ಸಮಾಜ ಇದು.

ಆದರೂ ಆ ಸರ್ಟಿಫಿಕೇಟು ಏನು? ಅದು ನಮ್ಮ ತಳಿಯ ಚೀಟಿ ಅಲ್ಲ. ಸಾಲದ ಪತ್ರ. ಸಾವಿರಾರು ವರ್ಷ ನಮ್ಮ ಮುತ್ಯಾಂದಿರಿಂದ ಕಸಿದದ್ದಕ್ಕೆ ಈ ದೇಶ ಬರೆದುಕೊಟ್ಟ ಕಬೂಲಿ. ಸಾಲ ಕೊಡಬೇಕಾದವನು ನಾಚಬೇಕೇ ಹೊರತು ಪತ್ರ ಹಿಡಿದವನಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಜಾತಿಯನ್ನು ರದ್ದು ಮಾಡಿದ ವಿಧಿ ಯಾವುದೂ ಇಲ್ಲ. 15ನೇ ವಿಧಿ ಜಾತಿಯ ಆಧಾರದ ಮೇಲೆ ಭೇದ ಮಾಡಬಾರದು ಅನ್ನುತ್ತದೆ, ಅಷ್ಟೆ. ಅಂದರೆ ಬೇಲಿ ಕೀಳುವ ಕೆಲಸವನ್ನು ಸಂವಿಧಾನ ನಮ್ಮೆಲ್ಲರ ಕೈಗೆ ಬಿಟ್ಟಿದೆ. ನಿಪ್ಪಾಣಿ ಕಡೆಯ ನಮ್ಮ ಬೌದ್ಧ ಬಂಧುಗಳನ್ನು ಕೇಳ್ರಿ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಬೌದ್ಧರಾದರು. ಅವರ ಹಿಂದೆ ಹೋದವರಿಗೆ ಪರಿಶಿಷ್ಟರ ಹಕ್ಕು ಮತ್ತೆ ಸಿಗಲು 1990ರವರೆಗೆ ಕಾಯಬೇಕಾಯಿತು. ಧರ್ಮ ಬಿಟ್ಟ ದಿನ ಊರವರು ಜಾತಿಯ ಹೆಸರು ಬಿಟ್ಟರೇನು? ಇಲ್ಲ. ಹಕ್ಕು ಮಾತ್ರ ಹೋಗಿತ್ತು.

ಈಗ ಇನ್ನೊಂದು ಪೋರ್ಚುಗೀಸ್ ಶಬ್ದದ ಕಥೆ ಹೇಳುತ್ತೇವೆ. ಇದು ನಮ್ಮ ಅವ್ವಂದಿರ ಬಾಯಲ್ಲಿ ದಿನಾ ಇರುವ ಶಬ್ದ. ಪಗಾರ.

ಬೆಂಗಳೂರು ಮೈಸೂರು ಕಡೆ ‘ಸಂಬಳ’ ಅಂತಾರೆ. ನಮ್ಮ ಚಿಕ್ಕೋಡಿ, ರಾಯಬಾಗ, ಕಾಗವಾಡ ಕಡೆ ಅದು ‘ಪಗಾರ’. ಮರಾಠಿಯಲ್ಲೂ ಅದೇ. ಪೋರ್ಚುಗೀಸರ ‘ಪಗಾರ್’ ಅಂದರೆ ಹಣ ಕೊಡು, ಬಾಕಿ ತೀರಿಸು ಅಂತ. ಚಾವಿ, ಬಟಾಟಿ, ಇಸ್ತ್ರಿ, ಪಾವ್, ಲಿಲಾವ ಇವೂ ಆ ಮಂದಿಯ ಭಾಷೆಯಿಂದಲೇ ಬಂದವು. ಹಾಸ್ಟೆಲಿನ ಬಟಾಟಿ ಪಲ್ಲೆ ತಿನ್ನುವಾಗ ‘ಇದು ಪರದೇಶಿ ಶಬ್ದ, ಬ್ಯಾಡ’ ಅಂತ ಯಾರೂ ತಾಟು ಸರಿಸುವುದಿಲ್ಲ. ಪಗಾರದ ದಿನ ಯಾವ ಸಾಹೇಬನೂ ‘ಇದು ಪೋರ್ಚುಗೀಸರದು, ನನಗ ಬ್ಯಾಡ’ ಅಂದಿಲ್ಲ. ಪರದೇಶಿ ಅನ್ನುವ ತಕರಾರು ಬರುವುದು ‘ಕಾಸ್ಟ್’ ಎಂಬ ಒಂದು ಶಬ್ದಕ್ಕೆ ಮಾತ್ರ. ಯಾಕೆ ಅಂತ ನೀವೇ ಯೋಚನೆ ಮಾಡ್ರಿ.

ಪಗಾರ ಪರದೇಶಿ. ಹಾಗಾದರೆ ನಮ್ಮ ದುಡಿಮೆಗೆ ಈ ನಾಡಿನ ಸ್ವಂತ ಶಬ್ದ ಯಾವುದು? ‘ಬಿಟ್ಟಿ’. ಇದು ಅಪ್ಪಟ ದೇಶಿ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ಹಳೆಯ ಶಾಸನಗಳಲ್ಲಿ ಇದೆ, ಅರ್ಥಶಾಸ್ತ್ರದಲ್ಲಿ ಇದೆ. ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿಗೆ ಆ ಹೆಸರು. ಮರಾಠಿಯ ‘ವೇಠ’ವೂ ಅದೇ ಬೇರಿನದು. ಕೂಲಿ, ಸಂಬಳ ಎಂಬ ಶಬ್ದಗಳು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಇದ್ದವು, ಬೇರೆಯವರಿಗೆ ಇದ್ದವು. ಊರಿನ ಸುದ್ದಿ ಹೊತ್ತು ಓಡಿದವನಿಗೆ, ಸತ್ತ ದನ ಎಳೆದವನಿಗೆ, ಗಡಿ ಕಾಯ್ದವನಿಗೆ, ಸರಕಾರಿ ಸಾಹೇಬ ಬಂದರೆ ಅವನ ಕುದುರೆಗೆ ಹುಲ್ಲು ತಂದವನಿಗೆ ತಿಂಗಳಿಗೆ ಇಷ್ಟು ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತರೆ ಹಾಕಿದಷ್ಟು ಕಾಳು. ಹಬ್ಬದ ಮರುದಿನ ಬಾಗಿಲಲ್ಲಿ ಕೂಗಿದರೆ ತಂಗಳ ರೊಟ್ಟಿ. ಅದಕ್ಕೆ ‘ಆಯ’ ಅಂತ, ‘ಬಲುತೆ’ ಅಂತ, ‘ವತನ’ ಅಂತ ಚೆಂದನ್ನ ಹೆಸರು. ದುಡಿದದ್ದಕ್ಕೆ ಭಿಕ್ಷೆಯ ರೂಪ ಕೊಟ್ಟ ಮೋಸ ಅದು.

ಈ ಮೋಸವನ್ನು ಮುರಿದವರ ಹೆಸರುಗಳು ನಮ್ಮ ನೆಲದ್ದೇ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಶಾಹು ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ನೂರಕ್ಕೆ 50ರ ಮೀಸಲಾತಿ ಕೊಟ್ಟರು. 1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೆ ಮಿಸ್ ಕ್ಲಾರ್ಕ್ ಹೆಸರಿನ ಹಾಸ್ಟೆಲ್ ಶುರುವಾಯಿತು. 1918ರಲ್ಲಿ ಮಹಾರ ವತನವನ್ನು ತಮ್ಮ ಸಂಸ್ಥಾನದಲ್ಲಿ ಅವರು ರದ್ದು ಮಾಡಿದರು. 1920ರ ಮಾರ್ಚಿನಲ್ಲಿ ಮಾಣಗಾಂವದ ಪರಿಷತ್ತಿನಲ್ಲಿ ಅಂಬೇಡ್ಕರರ ಜೊತೆ ನಿಂತು, ಇವರೇ ನಿಮ್ಮ ನಾಯಕ ಅಂತ ನಮ್ಮ ಮಂದಿಗೆ ಹೇಳಿದರು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲೇ ನಡೆದ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿಗೆ ಬಾಬಾಸಾಹೇಬರು ಬಂದರು.

ಆದರೆ ರಾಯಬಾಗದ ಬಾಜೂಕಿನ ಚಿಕ್ಕೋಡಿ ಇಂಗ್ಲಿಷರ ಕೈಯಲ್ಲಿತ್ತು. ಅಲ್ಲಿ ವತನ ಹಾಗೇ ಉಳಿಯಿತು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ಕಾಯ್ದೆ ತಿದ್ದಲು ಮಸೂದೆ ತಂದರು. ಮಹಾರರ ಚಾಕರಿಗೆ ಗೊತ್ತುಪಡಿಸಿದ ರೊಕ್ಕ ಬೇಕು, ಬೇಡ ಅಂದವನಿಗೆ ಬಿಡುಗಡೆ ಬೇಕು ಅಂತ ಅವರ ಹಟ. ಅದು ಕಾಯ್ದೆ ಆಗಲಿಲ್ಲ. ಕಡೆಗೆ 1961ರಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು, 1963ರ ಫೆಬ್ರವರಿ 1ರಿಂದ ಜಾರಿ ಆಯಿತು. ಲೆಕ್ಕ ಹಾಕ್ರಿ. ರಾಯಬಾಗದ ಮುತ್ಯಾನಿಗೆ 1918. ಚಿಕ್ಕೋಡಿಯ ಮುತ್ಯಾನಿಗೆ 1963. ನಡುವೆ ನಾಲ್ಕೈದು ಹರದಾರಿ ಹೊಲ, ನಲವತ್ತೈದು ವರ್ಷ ಬಿಟ್ಟಿ. ಜಾತಿ ಒಂದೇ, ಕೇರಿ ಒಂದೇ ನಮೂನಿ. ಬದಲಾದದ್ದು ರಾಜನ ಮನಸ್ಸು ಮತ್ತು ಕಾಯ್ದೆ. ಜಾತಿ ತಳಿ ಆಗಿದ್ದರೆ ಒಂದು ಕಾಗದದಿಂದ ಈ ಫರಕು ಬೀಳುತ್ತಿತ್ತೇನು?

ಪಗಾರ ಎಂಬ ಶಬ್ದ ಬಂದ ಮೇಲೆ ಎಲ್ಲ ಸರಿ ಹೋಯಿತು ಅಂತಲ್ಲ. ತಂಬಾಕು ಎಂಬ ಶಬ್ದವೂ ಪೋರ್ಚುಗೀಸರ ಹಡಗಿನಲ್ಲೇ ಬಂದ ಬೆಳೆಯದು. 1604ರ ಸುಮಾರಿಗೆ ಅಕಬರನ ದೂತ ಅಸದ ಬೇಗ ತಂಬಾಕನ್ನು ಬಿಜಾಪುರದಲ್ಲಿ ಕಂಡು ಅಲ್ಲಿಂದ ಮೊಗಲ ದರಬಾರಿಗೆ ಒಯ್ದ. ಆ ತಂಬಾಕು ನಿಪ್ಪಾಣಿಯನ್ನು ಶ್ರೀಮಂತ ಪೇಟೆ ಮಾಡಿತು. ಆದರೆ ವಖಾರಿಯ ಧೂಳಿನಲ್ಲಿ ತಂಬಾಕು ಬಡಿದು ಸೋಸಿದ ಹೆಣ್ಣುಮಕ್ಕಳಿಗೆ ಸಿಕ್ಕದ್ದು ಕೆಮ್ಮು. 1980ರ ಸುಮಾರಿಗೆ ಅವರು ಒಟ್ಟಾಗಿ ಸಂಘ ಕಟ್ಟಿ ಸಂಪು ಹೂಡಿದರು. ಯುಗಾಂತರ ಎಂಬ ಹೆಣ್ಣುಮಕ್ಕಳ ಚಿತ್ರತಂಡ 1982ರಲ್ಲಿ ಅವರ ಮೇಲೆ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತು. ಸಿಕ್ಕರೆ ಹಾಸ್ಟೆಲಿನಲ್ಲಿ ಹಾಕಿಸಿ ನೋಡ್ರಿ. ನಮ್ಮ ಅವ್ವಂದಿರು, ಆಯಿಯಂದಿರು ಅದರಲ್ಲಿ ತಾವೇ ಮಾತಾಡುತ್ತಾರೆ. ಶಬ್ದ ಹಡಗಿನಲ್ಲಿ ಬಂತು. ಪಗಾರ ಹಡಗಿನಲ್ಲಿ ಬರಲಿಲ್ಲ. ಅದನ್ನು ಜಗಳ ಮಾಡಿ ತಗೊಂಡರು.

ಚಪ್ಪಲಿಯ ಮಾತಿಗೆ ಮರಳೋಣ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಸಮಗಾರ ಕೇರಿಗಳಲ್ಲಿ ಹೊಲಿದ ಚಪ್ಪಲಿ ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲಿ ಜಗತ್ತಿಗೆ ಹೋಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ. ಅದರಲ್ಲಿ ನಮ್ಮ ಬೆಳಗಾವಿಯೂ ಸೇರಿದೆ. 2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ಅಂಥದೇ ಚಪ್ಪಲಿ ತೊಡಿಸಿ ಮೆರವಣಿಗೆ ಮಾಡಿತು. ಯಾರ ಹೆಸರೂ ಹೇಳಲಿಲ್ಲ. ಇಲ್ಲಿ ಗದ್ದಲ ಎದ್ದ ಮೇಲೆ, ಭಾರತದ ಕೈಕಸುಬಿನವರ ಚಪ್ಪಲಿಯಿಂದ ಪ್ರೇರಣೆ ಪಡೆದದ್ದು ಖರೆ ಅಂತ ಒಪ್ಪಿತು.

1563ರಲ್ಲಿ ಯುರೋಪಿನವನೊಬ್ಬ ಆ ಕಸುಬು ನೋಡಿ ‘ಕಾಸ್ತಾ’ ಅಂದ. 2025ರಲ್ಲಿ ಯುರೋಪಿನವರು ಅದೇ ಕಸುಬು ನೋಡಿ ‘ಫ್ಯಾಷನ್’ ಅಂದರು. ನಡುವಿನ 462 ವರ್ಷ ಊರವರು ಅದೇ ಕಸುಬು ಮಾಡುವವರನ್ನು ಏನಂದರು ಅಂತ ನಾವು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತು. ಚಪ್ಪಲಿ ಕಾಲಿಗೆ ಬೇಕು, ಹೊಲಿದವನು ಹೊಸ್ತಿಲಿಗೆ ಬೇಡ. ಪರದೇಶಿ ಶಬ್ದದ ಬಗ್ಗೆ ಅಷ್ಟು ನೋವು ಪಡುವ ಮಂದಿ ಈ ದೇಶಿ ಬೈಗುಳಗಳ ಬಗ್ಗೆ ಒಂದು ಚರ್ಚಾಸ್ಪರ್ಧೆ ಇಟ್ಟದ್ದನ್ನು ನಾವು ಕಂಡಿಲ್ಲ.

ಕಡೆಯ ಮಾತು. ‘ಪಗಾರ್’ ಎಂಬ ಶಬ್ದದ ಬೇರು ಹುಡುಕಿದರೆ ಲ್ಯಾಟಿನಿನ ‘ಪಾಕಾರೆ’ ಸಿಗುತ್ತದೆ. ಅದರ ಅರ್ಥ ಸಮಾಧಾನ ಮಾಡು, ಶಾಂತಿ ಮಾಡು ಅಂತ. ಬಾಕಿ ಕೊಟ್ಟು ತೀರಿಸಿದರೆ ಇಬ್ಬರ ನಡುವೆ ಶಾಂತಿ ಆಗುತ್ತದೆ ಎಂಬ ತಿಳುವಳಿಕೆ ಆ ಶಬ್ದದ ಹೊಟ್ಟೆಯಲ್ಲಿದೆ. ನಮಗೆ ಇದು ಬಹಳ ಹಿಡಿಸಿತು. ‘ಜಾತಿ ಮಾತು ತೆಗಿಬ್ಯಾಡ್ರಿ, ಊರಾಗ ಶಾಂತಿ ಇರ್ಲಿ’ ಅಂತ ಹಿರಿಯರು ಬುದ್ಧಿ ಹೇಳುತ್ತಾರೆ. ನಮಗೂ ಶಾಂತಿ ಬೇಕು. ಮೊದಲು ಬಾಕಿ ತೀರಿಸ್ರಿ. ಬಾಕಿ ಇಟ್ಟುಕೊಂಡು ಶಾಂತಿ ಕೇಳುವುದು ಸಾಹುಕಾರನ ಶಾಂತಿ.

ತಮ್ಮಂದಿರೆ, ತಂಗಿಯರೆ, ಈ ಸಲ ಸೂಟಿಗೆ ಊರಿಗೆ ಹೋದಾಗ ಒಂದು ಕೆಲಸ ಮಾಡ್ರಿ. ಒಂದು ನೋಟುಬುಕ್ಕು ತಗೊಂಡು ನಿಮ್ಮ ಮುತ್ಯಾ, ಆಯಿಯ ಹತ್ತಿರ ಕುಂದರ್ರಿ. ಊರಿಗೆ ಅವರು ಮಾಡಿದ ಚಾಕರಿ ಯಾವುದು, ಅದಕ್ಕೆ ಏನು ಹೆಸರು, ಅದಕ್ಕೆ ಏನು ಕೊಡುತ್ತಿದ್ದರು, ಯಾವಾಗ ನಿಂತಿತು, ಯಾರು ನಿಲ್ಲಿಸಿದರು, ನಿಲ್ಲಿಸಿದ ದಿನ ಏನಾಯಿತು, ಎಲ್ಲ ಬರೆದುಕೊಳ್ರಿ. ಅವರ ಬಾಯಿಮಾತಿನಲ್ಲೇ ಬರೀರಿ, ಪುಸ್ತಕದ ಕನ್ನಡ ಮಾಡಬ್ಯಾಡ್ರಿ. ಬಿಟ್ಟಿ, ಆಯ, ವೇಠ, ವತನ, ಪಗಾರ ಒಂದೊಂದು ಶಬ್ದಕ್ಕೂ ನಿಮ್ಮ ಮನೆಯಲ್ಲೇ ಒಂದು ಕಥೆ ಸಿಗುತ್ತದೆ. ಅದು ಯಾವ ನಿಘಂಟಿನಲ್ಲೂ ಇಲ್ಲ. ಆ ಮುದುಕರು ಹೋದರೆ ಅದೂ ಹೋಯಿತು. ಬರೆದು ತಂದರೆ ಈ ಪತ್ರಿಕೆಯಲ್ಲಿ ಹಾಕುತ್ತೇವೆ.

ಮುಂದಿನ ಸಲ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ‘ಕಾಸ್ಟ್ ಪೋರ್ಚುಗೀಸರ ಶಬ್ದ’ ಅಂದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಂದರಬ್ಯಾಡ್ರಿ. ಎದ್ದು ನಿಂತು ಹೇಳ್ರಿ: ‘ಹೌದ್ರಿ, ಶಬ್ದ ಅವರದು. ಪಗಾರ ಅನ್ನೋದೂ ಅವರದು. ಬಿಟ್ಟಿ ಅನ್ನೋದು ಮಾತ್ರ ನಿಮ್ಮದು. ಅವರ ಶಬ್ದಾನ ಅವರಿಗೆ ವಾಪಸ್ ಕೊಡೂಣು. ನೀವು ಮೊದಲ ಬೇಲಿ ಕೀಳ್ರಿ.’

ಜೈ ಭೀಮ್.